ಕೆನಡಾದ ಹೆಂಗಸರ ಮೇಲೆ ನಾನು ಒತ್ತಿದ ಸೀಲು

ಧೈರ್ಯವಂತರ ಬದುಕಿನಲ್ಲಿ ವಿಶೇಷವೇನೂ ನಡೆಯುವುದಿಲ್ಲ, ನಡೆದರೂ ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಡೆಯುವುದೆಲ್ಲ ನನ್ನಂಥ ಪುಕ್ಕಲರಿಗೇ. ದೋಹಾದಲ್ಲಿದ್ದಷ್ಟು ವರ್ಷವೂ ನನಗೆ ಫೋನು ಹೊಡೆದುಕೊಂಡರೆ ಹೆದರಿಕೆ, ಹೊಡೆದುಕೊಳ್ಳದಿದ್ದರೂ ಹೆದರಿಕೆ. ಹಾಗಿರುವಾಗ ಜಗತ್ತಿನಲ್ಲಿ ಯಾರಿಗೂ ಹೆದರದ ಎಂಟು ಹೆಂಗಸರು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕೂತು ನನ್ನ ಮೇಜಿಗೇ ಬರಬೇಕೇ!

ಮೂರು ತಿಂಗಳ ಪರೀಕ್ಷೆ

ತೊಂಬತ್ತರ ದಶಕದ ನಡುವಿನ ವರ್ಷಗಳು. ಕತಾರಿನ ಉತ್ತರ ತುದಿಯ ರಾಸ್ ಲಫಾನಿನಲ್ಲಿ ಗ್ಯಾಸ್ ಪ್ಲಾಂಟ್ ಕಟ್ಟುತ್ತಿದ್ದ ಒಂದು ಕಂಟ್ರಾಕ್ಟ್ ಕಂಪೆನಿಯ ದೋಹಾ ಆಫೀಸಿನಲ್ಲಿ ನನಗೆ ಡಾಕ್ಯುಮೆಂಟ್ ಕಂಟ್ರೋಲರ್ ಕೆಲಸ ಸಿಕ್ಕಿತು. ಹೆಸರು ದೊಡ್ಡದು, ಕೆಲಸ ಸೀಲು ಒತ್ತುವುದು. ಹೊರಗಿನಿಂದ ಬಂದ ಪ್ರತಿ ನಕ್ಷೆಗೆ, ಪ್ರತಿ ಮೆಶಿನ್ ಮ್ಯಾನುವಲ್ಲಿಗೆ ಸೀಲು ಒತ್ತಿ, ನಂಬರು ಕೊಟ್ಟು, ಮೊದಲ ಸಲ ಬಂದದ್ದಾದರೆ ರಿವಿಷನ್ ಸೊನ್ನೆ ಎಂದು ಬರೆದು, ಜೊತೆಗೊಂದು ಷರಾ ಹಾಳೆ ಅಂಟಿಸಿ ಸಂಬಂಧಪಟ್ಟ ಇಂಜಿನಿಯರಿಗೆ ಕಳಿಸಬೇಕು. ಅವರು ಹದಿನಾಲ್ಕು ದಿನದೊಳಗೆ ಷರಾ ಬರೆದು ವಾಪಸು ಕೊಡಬೇಕು. ಕೋಡ್ ಒಂದು ಅಂದರೆ ಒಪ್ಪಿಗೆ. ಕೋಡ್ ಮೂರು ಅಂದರೆ ತಿರಸ್ಕಾರ. ಸುಮ್ಮನೆ ಖಾಲಿ ಹಾಳೆ ವಾಪಸು ಕೊಡುವುದು ಇಂಜಿನಿಯರ್ ಜಾತಿಗೇ ಅವಮಾನ, ಹಾಗಾಗಿ ಓದಲಿ ಬಿಡಲಿ, ಎಲ್ಲರೂ ಏನಾದರೊಂದು ತಪ್ಪು ಹುಡುಕಿ ಬರೆಯುತ್ತಿದ್ದರು.

ಕೆಲಸ ಮೊದಲ ಮೂರು ತಿಂಗಳು ಪರೀಕ್ಷೆಗೆ. ಅದರಲ್ಲಿ ಪಾಸಾಗದೆ ನನಗೆ ಗತಿಯಿರಲಿಲ್ಲ. ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನಲ್ಲಿ ಫೋರ್‌ಮ್ಯಾನ್ ಆಗಿದ್ದ ನನ್ನ ಗಂಡನಿಗೆ ಅಲ್ಲಿಯವರು, ಇನ್ನು ಮುಂದೆ ಫ್ಯಾಮಿಲಿ ವೀಸಾ ಇಲ್ಲ ಎಂದು ಹೇಳಿಬಿಟ್ಟಿದ್ದರು. ನನ್ನ ಕೆಲಸ ಖಾಯಂ ಆದರೆ ನಾವು ಮೂವರೂ ಒಟ್ಟಿಗೆ ಇರಬಹುದು. ಆಗದಿದ್ದರೆ ನಾನೂ ಮಗಳೂ ಮಂಗಳೂರಿಗೆ, ಅವರೊಬ್ಬರೇ ಲೇಬರ್ ಕ್ಯಾಂಪಿನ ಮಂಚಕ್ಕೆ.

ಮೊದಲ ದಿನವೇ ಪ್ರಾಜೆಕ್ಟ್ ಮ್ಯಾನೇಜರ್ ನನ್ನನ್ನು ಕರೆದು ಹೇಳಿದರು: "ನಿನ್ನ ಟೈಪಿಂಗ್ ಚೆನ್ನಾಗಿದೆ. ಆದರೆ ಈ ಕೋಣೆಯಲ್ಲಿ ಇದುವರೆಗೆ ಹೆಂಗಸರು ಕೆಲಸ ಮಾಡಿದ್ದಿಲ್ಲ. ಕ್ಲೈಂಟ್ ಏನನ್ನುತ್ತಾರೋ ನೋಡಬೇಕು."

ಕ್ಲೈಂಟ್ ಅಂದರೆ ಪ್ಲಾಂಟಿನ ಒಡೆಯರ ಕಡೆಯ ಕತಾರಿ ಅಧಿಕಾರಿ. ರಾಸ್ ಲಫಾನಿನಲ್ಲಿ ಕೂತು ಕೆಂಪು ಪೆನ್ನಿನಲ್ಲಿ ಬರೆಯುವವರು. ಅವರ ಕಾರು ಬಂತೆಂದರೆ ನಮ್ಮ ಆಫೀಸಿನಲ್ಲಿ ಕುರ್ಚಿಗಳೂ ಸರಿಯಾಗಿ ಕೂರುತ್ತಿದ್ದವು. ನಮ್ಮ ಮ್ಯಾನೇಜರ್ ಇಂಗ್ಲೆಂಡಿನವರು, ಆರಡಿ ಎತ್ತರ, ಕಂಚಿನ ಕಂಠ. ಆದರೆ ಕ್ಲೈಂಟಿನ ಸಹಿ ಇಲ್ಲದೆ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವ ಧೈರ್ಯವೂ ಇರಲಿಲ್ಲ. ನನಗಿಂತ ದೊಡ್ಡ ಪುಕ್ಕಲು ಭೂಮಿಯ ಮೇಲಿದೆ ಎಂದು ನನಗೆ ಮೊದಲು ಗೊತ್ತಾದದ್ದು ಅವರಿಂದಲೇ.

ಪೆಟ್ಟಿಗೆಯ ಸುಳ್ಳು

ನಮ್ಮಲ್ಲಿ ಕೆನಡಾದ ಒಬ್ಬ ಮೇಡಂ ಇದ್ದರು, ವೆಲ್ಡಿಂಗ್ ಪರೀಕ್ಷಿಸುವ ಇಂಜಿನಿಯರ್. ರಜೆಗೆ ಊರಿಗೆ ಹೊರಟವರು ನನ್ನ ಹತ್ತಿರ ಬಂದು, "ಮಗಳ ಹುಟ್ಟುಹಬ್ಬಕ್ಕೆ ಕೆಲವು ಪುಸ್ತಕ ತರಿಸಿದ್ದೇನೆ. ಬಂದರೆ ಜೋಪಾನವಾಗಿ ಇಟ್ಟಿರು" ಎಂದರು. ಮನೆಗೆ ಅಂಚೆಯವನು ಬರುವ ಊರಲ್ಲ ಅದು. ಯಾರಿಗೆ ಏನೇ ಬಂದರೂ ಕಂಪೆನಿಯ ಪೋಸ್ಟ್ ಬಾಕ್ಸಿಗೇ ಬರಬೇಕು.

ಹದಿನೈದು ದಿನ ಕಳೆದು ನಮ್ಮ ಮಂದೂಬ್ ಆ ಪೆಟ್ಟಿಗೆ ಹೊತ್ತುಕೊಂಡು ಬಂದ. ಮಂದೂಬ್ ಅಂದರೆ ಕಂಪೆನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಅಲೆಯುವವನು. ನಮ್ಮವನು ಉಪ್ಪಿನಂಗಡಿ ಕಡೆಯ ಬ್ಯಾರಿ, ಅರಬ್ಬಿಯಲ್ಲಿ ಬಲು ಚುರುಕು. ಆ ದಿನ ಮಾತ್ರ ಅವನ ಮುಖ ಬಿಳುಚಿಕೊಂಡಿತ್ತು.

"ಅಕ್ಕಾ, ಒಂದು ಎಡವಟ್ಟು ಆಗಿದೆ."

"ಎಂತಾಯ್ತು?"

"ಕಸ್ಟಮ್ಸಿನವರು ಪೆಟ್ಟಿಗೆ ಬಿಚ್ಚಿ ನೋಡಿದರು. ಮೇಲಿನದರಲ್ಲಿ ಹೆಂಗಸಿನ ಫೋಟೋ, ಕೆಳಗಿನದರಲ್ಲೂ ಹೆಂಗಸಿನ ಫೋಟೋ. ಇದು ಎಂತ ಅಂತ ಕೇಳಿದರು. ನನಗೆ ಅಲ್ಲಿ ಬಾಯೇ ಬರಲಿಲ್ಲ ಅಕ್ಕಾ. ಮೆಶಿನ್ ಮ್ಯಾನುವಲ್ ಅಂತ ಹೇಳಿಬಿಟ್ಟೆ."

"ಅಯ್ಯೋ! ಅವರು ನಂಬಿದರಾ?"

"ನಮ್ಮ ಪುಣ್ಯ, ಅವರು ತೆರೆದ ಪುಟದಲ್ಲಿ ಆ ಹೆಂಗಸು ವಿಮಾನ ರಿಪೇರಿ ಮಾಡ್ತಾ ಇದ್ದಳು. ಯಲ್ಲಾ, ನಡಿ ನಡಿ, ತೆಗೆದುಕೊಂಡು ಹೋಗು ಅಂದರು. ಆದರೆ ಫಾರಮಿನಲ್ಲಿ ಮೆಶಿನ್ ಮ್ಯಾನುವಲ್ ಅಂತ ಸೈನ್ ಮಾಡಿಬಂದಿದ್ದೇನೆ. ನಾಳೆ ಯಾರಾದರೂ ಬಂದು ಕೇಳಿದಾಗ ಇದು ಮ್ಯಾನುವಲ್ ಅಲ್ಲ ಅಂತಾದರೆ ಖಲಾಸ್. ನಾನೂ ಊರಿಗೆ, ನೀವೂ ಊರಿಗೆ."

"ನಾನು ಯಾಕೆ?"

"ಒಬ್ಬನೇ ಹೋಗಲಿಕ್ಕೆ ನನಗೆ ಹೆದರಿಕೆ ಅಲ್ಲವಾ ಅಕ್ಕಾ!"

ಈಗ ಯೋಚಿಸಿದರೆ ನಗು ಬರುತ್ತದೆ. ಮಕ್ಕಳ ಪುಸ್ತಕ, ನಿಜ ಹೇಳಿದ್ದರೆ ಎರಡು ನಿಮಿಷದಲ್ಲಿ ಬಿಡುತ್ತಿದ್ದರು. ಆದರೆ ಆಗ ನನ್ನ ಕಣ್ಣ ಮುಂದೆ ಇದ್ದದ್ದು ಮಂದೂಬ್ ಸೈನ್ ಮಾಡಿಬಂದ ಫಾರಮು ಮಾತ್ರ. ಮೆಶಿನ್ ಮ್ಯಾನುವಲ್ ಎಂದು ಒಳಗೆ ಬಂದದ್ದು ಮೆಶಿನ್ ಮ್ಯಾನುವಲ್ಲೇ ಆಗಿರಬೇಕು, ಅಷ್ಟೇ ನನಗೆ ಹೊಳೆದದ್ದು. ಸೀಲು ತೆಗೆದು ನಾಲ್ಕು ಪುಸ್ತಕದ ಮೇಲೂ ಒತ್ತಿದೆ. ನಂಬರು ಕೊಟ್ಟೆ. ಒಂದರಿಂದ ನಾಲ್ಕು, ರಿವಿಷನ್ ಸೊನ್ನೆ. ಷರಾ ಹಾಳೆಗೂ ಸೀಲು ಒತ್ತಿ ಒಳಪುಟಕ್ಕೆ ಅಂಟಿಸಿದೆ. ಇನ್ನು ಯಾವ ಅಧಿಕಾರಿ ಬಂದರೂ ಅವು ಮ್ಯಾನುವಲ್ಲುಗಳೇ.

ರಿಜಿಸ್ಟರಿನಲ್ಲಿ ವಿಭಾಗ ಎಂಬ ಖಾನೆ ಇತ್ತು. ಖಾಲಿ ಬಿಟ್ಟರೆ ಅನುಮಾನ ಬಂದೀತೆಂದು ಕಣ್ಣಾಡಿಸಿ ತುಂಬಿದೆ. ವಿಮಾನ ಕಾರ್ಖಾನೆ ನಡೆಸಿದ ಹೆಂಗಸು ಮೆಕ್ಯಾನಿಕಲ್. ಹದಿನಾಲ್ಕನೇ ವಯಸ್ಸಿಗೆ ಕೋಟೆಯೊಂದನ್ನು ಕಾದ ಹುಡುಗಿ ಸಿವಿಲ್, ಕೋಟೆಗೆ ಗೋಡೆ ಇರುತ್ತದಲ್ಲ. ಶತ್ರುಗಳು ಬರುತ್ತಿದ್ದಾರೆಂದು ಸೈನಿಕರಿಗೆ ತಿಳಿಸಲು ದಿನವಿಡೀ ಕಾಡಿನಲ್ಲಿ ನಡೆದ ಗೃಹಿಣಿ ಸೇಫ್ಟಿ. ಹೆಂಗಸರನ್ನು ಕಾನೂನಿನಲ್ಲಿ 'ವ್ಯಕ್ತಿ' ಎಂದು ಒಪ್ಪಬೇಕೆಂದು ಕೋರ್ಟಿಗೆ ಹೋದ ಐವರು ಮಹಿಳೆಯರ ಪುಸ್ತಕ ಕಾಂಟ್ರಾಕ್ಟ್ಸ್. ಕೆನಡಾದ ಚರಿತ್ರೆಯನ್ನು ಅಷ್ಟು ಬೇಗ ವಿಭಾಗ ಮಾಡಿದವರು ಮತ್ತೊಬ್ಬರಿಲ್ಲ ಎಂದು ಬೇಕಾದರೆ ಪಂಥ ಕಟ್ಟುತ್ತೇನೆ.

ಕ್ಯಾಲೆಂಡರ್ ಬೈಂಡು

ಕೋಟೆಯ ಹುಡುಗಿಯ ಪುಸ್ತಕವನ್ನು ಒಂದು ದಿನದ ಮಟ್ಟಿಗೆ ಮನೆಗೆ ಒಯ್ದೆ. ಕಪಾಟಿನಲ್ಲಿಡಲೂ ಹೆದರಿಕೆ, ಓದದಿರಲೂ ಆಗದು. ನಮ್ಮದು ವಿಮಾನ ನಿಲ್ದಾಣದ ಪಕ್ಕದ ಅಲ್ ಥುಮಾಮಾದಲ್ಲಿ ಒಂದು ಹಳೆಯ ವಿಲ್ಲಾದ ಹಿಂಬದಿಯ ಎರಡು ಕೋಣೆ. ವಿಮಾನ ತಲೆಯ ಮೇಲೇ ಇಳಿಯುತ್ತಿತ್ತು, ಪ್ರತಿ ಸಲವೂ ನನಗೆ ಊರಿಗೆ ವಾಪಸು ಕಳಿಸುವ ಟಿಕೆಟ್ ನೆನಪಾಗುತ್ತಿತ್ತು.

ಮಗಳಿಗೆ ಆಗ ಒಂಬತ್ತು ವರ್ಷ. ಇಂಗ್ಲಿಷ್ ಶಾಲೆಯವಳು, ಗಬಗಬನೆ ಓದಿ ಮುಗಿಸಿದಳು. "ಅಮ್ಮಾ, ಫೋರ್ಟ್‌ನಲ್ಲಿ ಸೋಲ್ಜರ್ಸ್ ತುಂಬ ಕಮ್ಮಿ ಇದ್ದರು. ಇವಳು ತುಂಬ ಜನ ಇದ್ದಾರೆ ಅಂತ ಆಕ್ಟ್ ಮಾಡಿದಳು. ಎನಿಮಿ ಎಲ್ಲ ಹೆದರಿಬಿಟ್ಟರು."

"ಹೌದಾ ಮಗಾ, ಎಷ್ಟು ಧೈರ್ಯ ನೋಡು."

"ಶಿ ವಾಸ್ ಫೋರ್ಟೀನ್, ಅಮ್ಮಾ. ನೀನು ತರ್ಟಿ ಫೋರ್. ನಿನ್ನೆ ಜಿರಳೆ ನೋಡಿ ಬಕೆಟ್ ಮೇಲೆ ನಿಂತೆ."

ಗಂಡ ನಕ್ಕರು. ನಾನು ಸಿಟ್ಟಿನಿಂದ, "ನಗುವುದು ಸಾಕು. ನಾಳೆ ಇದನ್ನು ವಾಪಸು ಒಯ್ಯುವಾಗ ಗೇಟಿನಲ್ಲಿ ಬ್ಯಾಗು ನೋಡಿದರೆ ಎಂತ ಮಾಡುವುದು?" ಎಂದೆ.

"ಬೈಂಡ್ ಹಾಕಿದರಾಯ್ತು ಮಾರಾಯ್ತಿ" ಎಂದರು ಅವರು. ಪುಸ್ತಕ ಕಂಡರೆ ಬೈಂಡ್ ಹಾಕುವುದು ನಮ್ಮ ಕಡೆಯವರ ಹುಟ್ಟುಗುಣ. ಊರಿನಿಂದ ತಂದಿದ್ದ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ ಕಿತ್ತು, ಮೂಲೆ ಮಡಚಿ, ಅಂಗಡಿಯವರೂ ಮೆಚ್ಚುವಂತೆ ಬೈಂಡ್ ಹಾಕಿಕೊಟ್ಟರು. ನಾನು ಬೆಳಗ್ಗೆ ನೋಡದೆ ಬ್ಯಾಗಿಗೆ ತುರುಕಿಕೊಂಡು ಹೊರಟೆ. ಆಫೀಸಿನ ಗೇಟು ದಾಟಿ, ಉಸಿರು ಬಿಟ್ಟು, ಮೇಜಿನ ಮೇಲೆ ಇಟ್ಟು ನೋಡುತ್ತೇನೆ, ಕಮಲದ ಮೇಲೆ ಕೂತ ಲಕ್ಷ್ಮೀದೇವಿ! ಕೋಟೆಯ ಹುಡುಗಿಯನ್ನು ಅಡಗಿಸಲು ಹೋಗಿ ನಾನು ದೇವರ ಪಟ ಹೊತ್ತುಕೊಂಡು ಗೇಟು ದಾಟಿದ್ದೆ. ಒಂದಿದ್ದ ಹೆದರಿಕೆ ಎರಡಾಯಿತು.

ಕಿತ್ತುಹಾಕೋಣವೆಂದರೆ ಅಷ್ಟರಲ್ಲಿ ಬಾಗಿಲಲ್ಲಿ ಸಿವಿಲ್ ಇಂಜಿನಿಯರ್, ಕೇರಳದ ಹಿರಿಯರು. "ಲಿಸ್ಟಿನಲ್ಲಿ ನನ್ನ ಹೆಸರಿಗೆ ಒಂದು ಮ್ಯಾನುವಲ್ ತೋರಿಸುತ್ತಿದೆ. ಎಲ್ಲಿ?"

ಲಿಸ್ಟು! ಅದನ್ನು ನಾನು ಮರೆತೇಬಿಟ್ಟಿದ್ದೆ. ರಿಜಿಸ್ಟರಿನಲ್ಲಿ ಏರಿದ್ದೆಲ್ಲ, ಅಲ್ಲಿ ವಾರದ ಮೊದಲ ದಿನವಾದ ಶನಿವಾರ ಬೆಳಗ್ಗೆ ಲಿಸ್ಟಾಗಿ ಎಲ್ಲ ವಿಭಾಗಕ್ಕೂ ತಾನೇ ಹೋಗುತ್ತಿತ್ತು. ಯಾರ ಹೆಸರಿಗೆ ಇದೆಯೋ ಅವರು ಬಂದು ಕೇಳುವುದೇ ಪದ್ಧತಿ, ತಡವಾದರೆ ಅವರ ಮೇಲೆ ಕೆಂಪು ಪೆನ್ನು ಓಡುತ್ತಿತ್ತು. ಕೊಡದೆ ವಿಧಿಯಿರಲಿಲ್ಲ. ಲಕ್ಷ್ಮೀದೇವಿಯನ್ನೇ ಎತ್ತಿ ಕೊಟ್ಟೆ.

ಅವರು ಪುಸ್ತಕ ತೆಗೆದುಕೊಂಡರು. ಮುಖಪುಟ ನೋಡಿದರು. ಆಚೀಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಭಕ್ತಿಯಿಂದ ಕಣ್ಣಿಗೊತ್ತಿಕೊಂಡರು. ಆಮೇಲೆ ಕೋಟೆಯ ಚಿತ್ರವಿದ್ದ ಪುಟ ತೆರೆದು, ಅಲ್ಲೇ ನಿಂತು ಷರಾ ಬರೆದು ಕೈಗೆ ಕೊಟ್ಟು ಹೋದರು: "ಗೋಡೆಯ ಅಡಿಪಾಯದ ವಿವರ ಇಲ್ಲ. ಕೋಡ್ ಮೂರು. ತಿದ್ದಿ ಮತ್ತೆ ಕಳಿಸಿ."

ಬೂಟಿಲ್ಲದ ನಡಿಗೆ

ಒಬ್ಬರಿಗೆ ಕೊಟ್ಟ ಮೇಲೆ ಉಳಿದವರಿಗೆ ಇಲ್ಲವೆನ್ನುವುದು ಹೇಗೆ? ಮಧ್ಯಾಹ್ನದೊಳಗೆ ಮೂವರೂ ಬಂದು ತಮ್ಮ ತಮ್ಮ ಹೆಂಗಸರನ್ನು ಕರೆದುಕೊಂಡು ಹೋದರು. ಆ ವಾರ ನನಗೆ ಅನ್ನ ಸೇರಲಿಲ್ಲ. ಇವತ್ತು ಯಾರಾದರೂ ಓದುತ್ತಾರೆ, ಇವತ್ತು ಯಾರಾದರೂ ಬೊಬ್ಬೆ ಹಾಕುತ್ತಾರೆ ಎಂದು ಬಾಗಿಲು ನೋಡುತ್ತ ಕೂತಿದ್ದೆ. ಪುಸ್ತಕ ವಾಪಸು ತಂದವರು ಯಾರೂ ಓದಿರಲಿಲ್ಲ.

ಮೆಕ್ಯಾನಿಕಲ್‌ನವರು ಒಪ್ಪಿಗೆ ಕೊಟ್ಟರು, "ಸ್ಪೇರ್ ಪಾರ್ಟ್ಸ್ ಲಿಸ್ಟ್ ಲಗತ್ತಿಸಿ" ಎಂಬ ಷರಾದೊಂದಿಗೆ. ಸೇಫ್ಟಿಯವರಂತೂ ಪುಸ್ತಕವನ್ನು ನನ್ನ ಮೇಜಿನ ಮೇಲೆ ಧೊಪ್ಪೆಂದು ಹಾಕಿದರು. ಮುಖಪುಟದ ಚಿತ್ರದಲ್ಲಿ ಆ ಪುಣ್ಯಾತ್ಗಿತ್ತಿ ಹರಿದ ಲಂಗದಲ್ಲಿ, ಬರಿಗಾಲಲ್ಲಿ, ಕಾಡಿನ ಕೆಸರಲ್ಲಿ ನಡೆಯುತ್ತಿದ್ದಳು.

"ಏನಿದು?" ಎಂದು ಕೇಳಿದರು.

ಸಿಕ್ಕಿಬಿದ್ದೆ ಎಂದುಕೊಂಡೆ. "ಸರ್, ಅದು..."

"ಹೆಲ್ಮೆಟ್ ಇಲ್ಲ, ಸೇಫ್ಟಿ ಶೂ ಇಲ್ಲ, ಜೊತೆಗೆ ಇನ್ನೊಬ್ಬರಿಲ್ಲ! ಇಂಥ ಫೋಟೋ ಹಾಕುವ ಕಂಪೆನಿಯಿಂದ ನಾವು ಸಾಮಾನು ತೆಗೆದುಕೊಳ್ಳುವುದೇ?" ಎಂದು ಕೋಡ್ ಮೂರು ಬರೆದು ಹೋದರು. ಒಂದು ದೇಶವನ್ನೇ ಉಳಿಸಲು ನಡೆದ ಹೆಂಗಸು ನಮ್ಮ ಆಫೀಸಿನಲ್ಲಿ ಬೂಟಿಲ್ಲದೆ ಫೇಲಾದಳು.

ಚೀಲ ಹೋಯಿತು

ನಾಲ್ಕನೆಯ ಪುಸ್ತಕ ಮಾತ್ರ ಬರಲಿಲ್ಲ. ಕಾಂಟ್ರಾಕ್ಟ್ಸ್ ವಿಭಾಗದವರು ಮದ್ರಾಸಿನ ಹಿರಿಯರು, ಒಂದೊಂದು ಅಲ್ಪವಿರಾಮವನ್ನೂ ಓದುವವರು. ನಾನು ಅಂಜುತ್ತ ಹೋಗಿ ಕೇಳಿದೆ. ಅವರು ಕನ್ನಡಕ ಸರಿಸಿ, "ಅದರಲ್ಲಿ ಗಂಭೀರ ಗೊಂದಲ ಇದೆಯಮ್ಮ. ಒಂದು ಕೋರ್ಟು ಹೆಂಗಸು ವ್ಯಕ್ತಿಯಲ್ಲ ಎನ್ನುತ್ತದೆ, ಮೇಲಿನ ಕೋರ್ಟು ಹೌದು ಎನ್ನುತ್ತದೆ. ನಾವು ಯಾವುದನ್ನು ಅನುಸರಿಸುವುದು? ಕ್ಲೈಂಟ್ ಖಚಿತಪಡಿಸಬೇಕು ಎಂದು ಬರೆದಿದ್ದೇನೆ" ಎಂದರು.

"ಈಗ ಪುಸ್ತಕ ಎಲ್ಲಿದೆ ಸರ್?"

"ಮತ್ತೆಲ್ಲಿ? ರಾಸ್ ಲಫಾನಿಗೆ ಹೋಯಿತು."

'ಕ್ಲೈಂಟ್ ಖಚಿತಪಡಿಸಬೇಕು' ಎಂದು ಬರೆದದ್ದೆಲ್ಲ ಮೊಹರು ಹಾಕಿದ ಚೀಲದಲ್ಲಿ ನೇರ ಆ ಕೆಂಪು ಪೆನ್ನಿನ ಮೇಜಿಗೆ ಹೋಗುತ್ತದೆ. ರಾಸ್ ಲಫಾನಿನ ಗೇಟು ದಾಟಲು ಪಾಸು ಬೇಕು, ನನ್ನ ಹತ್ತಿರ ಪಾಸು ಇಲ್ಲ. ಪರೀಕ್ಷೆಯ ಮೂರು ತಿಂಗಳು ಮುಗಿಯಲು ಉಳಿದದ್ದು ಐದೇ ದಿನ.

ಮಂದೂಬ್‌ಗೆ ಹೇಳಿದೆ. ಅವನು ಕುರ್ಚಿಯಲ್ಲಿ ಕುಸಿದ. "ಅಕ್ಕಾ, ನಿಮ್ಮ ಮನೆಯಲ್ಲಿ ದೊಡ್ಡ ಸೂಟ್‌ಕೇಸ್ ಎಷ್ಟು ಉಂಟು?"

ಮನೆಗೆ ಬಂದು ಗಂಡನಿಗೆ ಹೇಳಿ ಅತ್ತೆ. ಮಗಳ ಶಾಲೆ, ನಮ್ಮ ಎರಡು ಕೋಣೆ, ಎಲ್ಲ ಅವರ ಕಣ್ಣ ಮುಂದೆ ಬಂದಿರಬೇಕು. ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ನನಗೆ ಇನ್ನಷ್ಟು ಹೆದರಿಕೆಯಾಯಿತು. ಒಂದು ಗಂಟೆ ಬಿಟ್ಟು ವಾಪಸು ಬಂದರು, ಎರಡೂ ಕೈಯಲ್ಲಿ ಚೀಲ. ಹಾಲಿನ ಪುಡಿ, ಬಾದಾಮಿ, ಸೋಪು, ತಲೆನೋವಿನ ಎಣ್ಣೆ, ಹುಲಿಯ ಚಿತ್ರದ ಕಂಬಳಿ.

"ಇದೆಲ್ಲ ಎಂತಕ್ಕೆ?"

"ಕೆಲಸದಿಂದ ತೆಗೆದು ಕಳಿಸಿದರೂ ಗಲ್ಫಿನಿಂದ ಬರಿಗೈಯಲ್ಲಿ ಹೋಗಲಿಕ್ಕೆ ಆಗ್ತದಾ? ನಿನ್ನ ಅಕ್ಕಂದಿರು ಎಂತ ಹೇಳಿಯಾರು!"

ಕೆಂಪು ಪೆನ್ನು

ಕೊನೆಯ ದಿನ ಬುಧವಾರ. ಬೆಳಗ್ಗೆ ಕೆನಡಾದ ಮೇಡಂ ರಜೆ ಮುಗಿಸಿ ಬಂದರು. ಬಾಗಿಲಲ್ಲೇ ತಡೆದು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಮೂರು ಪುಸ್ತಕದ ಷರಾಗಳನ್ನು ಒಂದೊಂದಾಗಿ ಓದಿ, ಮೇಜಿನ ಮೇಲೆ ತಲೆಯಿಟ್ಟುಕೊಂಡರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡು ನಾನೂ ಅಳತೊಡಗಿದೆ. ಅವರು ನಗುತ್ತಿದ್ದರು.

ಹತ್ತು ಗಂಟೆಗೆ ಫೋನು ಬಂತು. ಕ್ಲೈಂಟ್ ಸ್ವತಃ ಬರುತ್ತಿದ್ದಾರೆ, ಪುಸ್ತಕವೊಂದರ ಬಗ್ಗೆ ಮಾತಾಡಬೇಕಂತೆ. ಮ್ಯಾನೇಜರ್ ಟೈ ಬಿಗಿದು, ಸಡಿಲಿಸಿ, ಮತ್ತೆ ಬಿಗಿದರು. ಮಂದೂಬ್ ಬಾಗಿಲ ಹೊರಗೆ ಗೋಡೆಗೆ ಒರಗಿ ತುಟಿ ಅಲ್ಲಾಡಿಸುತ್ತಿದ್ದ.

ಅವರು ಬಂದರು. ಬಿಳಿ ದಿರಿಸು, ಗಂಭೀರ ಮುಖ, ಕೈಯಲ್ಲಿ ನನ್ನ ಷರಾ ಹಾಳೆ ಮಾತ್ರ. ಪುಸ್ತಕ ಇರಲಿಲ್ಲ.

"ಇದಕ್ಕೆ ನಂಬರು ಕೊಟ್ಟವರು ಯಾರು?"

ಮ್ಯಾನೇಜರ್ ಕಂಚಿನ ಕಂಠ ಎಲ್ಲೋ ಬಿಟ್ಟು ಬಂದವರಂತೆ ಸುಮ್ಮನೆ ನನ್ನ ಕಡೆ ಬೆರಳು ತೋರಿಸಿದರು.

"ಮೆಶಿನ್ ಮ್ಯಾನುವಲ್ ಎಂದು ಬರೆದಿದೆ. ಯಾವ ಮೆಶಿನ್?"

ಹೊರಗೆ ಮಂದೂಬ್ ಇದ್ದ, ಮನೆಯಲ್ಲಿ ಹುಲಿ ಕಂಬಳಿ ಇತ್ತು. ಬಕೆಟ್ ಮೇಲೆ ನಿಂತವಳು ನಾನು. ಆದರೂ ಆ ಕ್ಷಣ ಸುಳ್ಳು ಬಾಯಿಗೆ ಬರಲಿಲ್ಲ. "ಯಾವ ಮೆಶಿನ್ನೂ ಅಲ್ಲ ಸರ್. ಮಕ್ಕಳ ಪುಸ್ತಕ. ಹೆದರಿಕೆಯಿಂದ ನಾನೇ ಸೀಲು ಒತ್ತಿದೆ" ಎಂದೆ.

ಅವರು ಆ ಹಾಳೆಯನ್ನು ಬೆರಳಿನಿಂದ ತಟ್ಟಿದರು. "ಈ ಪ್ರಾಜೆಕ್ಟಿನಲ್ಲಿ ಕೊನೆಯ ಪುಟದವರೆಗೆ ನಾನು ಓದಿದ ಡಾಕ್ಯುಮೆಂಟ್ ಇದೊಂದೇ" ಎಂದರು. "ಮನೆಗೆ ಒಯ್ದೆ, ಮಗಳು ಕಸಿದುಕೊಂಡಳು. ಇನ್ನೂ ವಾಪಸು ಕೊಟ್ಟಿಲ್ಲ. ನಾನು ಬಂದದ್ದು ಅದಕ್ಕಲ್ಲ. ಇಲ್ಲಿ ನಾಲ್ಕರಲ್ಲಿ ನಾಲ್ಕನೆಯದು ಎಂದಿದೆ. ಮೊದಲ ಮೂರು ನನಗೆ ಯಾಕೆ ಬಂದಿಲ್ಲ?"

"ಶನಿವಾರ, ಸರ್! ಶನಿವಾರ ಬೆಳಗ್ಗೆ!" ಎಂದು ಮ್ಯಾನೇಜರ್ ಕೂಗಿದರು. ಹಿಂದೆ ನಿಂತಿದ್ದ ಕೆನಡಾದ ಮೇಡಂ, ಪುಸ್ತಕಗಳು ತನ್ನವು, ಕೊಡಲು ಅಡ್ಡಿಯಿಲ್ಲ ಎಂದರು. ಕ್ಲೈಂಟ್ ಷರಾ ಹಾಳೆಯನ್ನು ಮೇಜಿನ ಮೇಲಿಟ್ಟು ಹೋದರು.

ಬಾಗಿಲು ಮುಚ್ಚಿದ ಮೇಲೆ ಮ್ಯಾನೇಜರ್ ಆ ಹಾಳೆ ಎತ್ತಿ ಓದಿದರು. ಮತ್ತೊಮ್ಮೆ ಓದಿದರು. ಅವರ ಮುಖಕ್ಕೆ ರಕ್ತ ವಾಪಸು ಬರುವುದು ನನಗೆ ಕಾಣುತ್ತಿತ್ತು. ನೇರ ಹೋಗಿ ಅದನ್ನು ಫೋಟೋಕಾಪಿ ತೆಗೆದು, ನನ್ನ ಫೈಲು ತೆರೆದು, ಖಾಯಂ ಮಾಡುವ ಫಾರಮಿಗೆ ಪಿನ್ನು ಹೊಡೆದರು. ಮೂರು ತಿಂಗಳು ಮುಟ್ಟದೆ ಇಟ್ಟಿದ್ದ ಆ ಫಾರಮಿಗೆ ಅವರು ಸಹಿ ಹಾಕಿದ್ದು ಒಂದೇ ಏಟಿಗೆ. "ಕ್ಲೈಂಟ್ ಬರವಣಿಗೆಯಲ್ಲಿ ಕೊಟ್ಟಿದ್ದಾರೆ. ಇನ್ನು ನನ್ನನ್ನು ಯಾರೂ ಕೇಳುವ ಹಾಗಿಲ್ಲ" ಎಂದರು.

ಹುಲಿ ಕಂಬಳಿ ಹೊದ್ದು ನಾವು ಮೂವರೂ ಮತ್ತೆ ಹನ್ನೊಂದು ಚಳಿಗಾಲ ಅಲ್ ಥುಮಾಮಾದಲ್ಲೇ ಕಳೆದೆವು. ಆ ಹಾಳೆಯ ಒಂದು ನಕಲು ಇಂದಿಗೂ ನನ್ನ ಕಪಾಟಿನಲ್ಲಿದೆ. ನನ್ನದೇ ಸೀಲಿನ ಕೆಳಗೆ, ಕೆಂಪು ಪೆನ್ನಿನಲ್ಲಿ ಹೀಗಿದೆ: "ಹೆಂಗಸು ವ್ಯಕ್ತಿ ಹೌದು. ರಿವಿಷನ್ ಸೊನ್ನೆಯಲ್ಲೇ ಒಪ್ಪಿಗೆ. ಕೋಡ್ ಒಂದು. ತಿದ್ದುಪಡಿ ಬೇಕಿಲ್ಲ, ಕೆಲಸ ಮುಂದುವರಿಸಬಹುದು."